ಹಿಂದಕ್ಕೆ ಎಸೆದ ಕಿತ್ತಳೆ

ರೆಮಿ ನನಗೆ ಕೊಟ್ಟ ಮೊದಲ ಕಿತ್ತಳೆಯನ್ನು ನಾನು ಹಿಂದಕ್ಕೆ ಎಸೆದೆ. ಮೆಲ್ಲಗೆ ಎಸೆದಿದ್ದರೆ ಯಾರೂ ಮಾತಾಡುತ್ತಿರಲಿಲ್ಲವೋ ಏನೋ. ನಾನು ಗುರಿಯಿಟ್ಟು, ಭುಜ ತಿರುಗಿಸಿ, ಹದಿನಾಲ್ಕು ವರ್ಷದ ಅಭ್ಯಾಸವನ್ನೆಲ್ಲ ಕೈಗೆ ತಂದು ಎಸೆದೆ. ಅದು ನೇರ ಹೋಗಿ ಅವನ ತಲೆಯ ಮೇಲಿದ್ದ ಉಷ್ಟ್ರಪಕ್ಷಿ ಗರಿಗಳ ದೊಡ್ಡ ಟೋಪಿಗೆ ಬಡಿಯಿತು. ಟೋಪಿ ವಾಲಿತು, ಜಾರಿತು, ಕಲ್ಲುಹಾಸಿನ ಮೇಲೆ ಬಿತ್ತು.

ಬ್ಯಾಂಶ್ ಊರಿನ ಕಾರ್ನಿವಲ್‌ನಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲವಂತೆ. ಅದು ನನಗೆ ತಿಳಿದದ್ದು ಟೋಪಿ ಬಿದ್ದ ಮೇಲೆ.

ನನ್ನ ಕಡೆಯ ನ್ಯಾಯವನ್ನೂ ಕೇಳಿ. ನಾನು ಇಟಲಿಯ ಇವ್ರೆಯಾ ಊರಿನವಳು. ನಮ್ಮೂರಲ್ಲಿ ಕಾರ್ನಿವಲ್ ಬಂತೆಂದರೆ ಮೂರು ದಿನ ಕಿತ್ತಳೆ ಯುದ್ಧ. ಕುದುರೆ ಗಾಡಿಗಳ ಮೇಲೆ ನಿಂತವರು ಒಂದು ಕಡೆ, ಚೌಕದಲ್ಲಿ ನಿಂತ ನಾವು ಇನ್ನೊಂದು ಕಡೆ. ಒಂದು ಕಿತ್ತಳೆ ಬಂದರೆ ಇನ್ನೊಂದು ಹೋಗಬೇಕು. ಉತ್ತರ ಕೊಡದಿದ್ದರೆ ಎದುರಿನವನು ಲೆಕ್ಕಕ್ಕೇ ಇಲ್ಲ ಎಂದಂತೆ. ಚೆನ್ನಾಗಿ ಹೊಡೆದವನ ಕೈಕುಲುಕಿ, ಊದಿದ ಕಣ್ಣನ್ನು ವಾರವಿಡೀ ಹೆಮ್ಮೆಯಿಂದ ಹೊತ್ತು ತಿರುಗುವ ಜನ ನಾವು.

ಆ ವರ್ಷ ಮಾತ್ರ ನಾನು ಊರಿಗೆ ಹೋಗಿರಲಿಲ್ಲ. ಸೆಪ್ಟೆಂಬರಿನಲ್ಲಿ ಬಲಭುಜದ ಆಪರೇಷನ್ ಆಗಿತ್ತು. ಡಾಕ್ಟರು ಎಸೆಯುವ ಮಾತೇ ಬೇಡ ಎಂದಿದ್ದರು. 'ಈ ವರ್ಷವಾ, ಇನ್ನು ಯಾವತ್ತೂನಾ' ಎಂದು ಕೇಳಿದರೆ ಕನ್ನಡಕ ಒರೆಸಿಕೊಂಡು ಕೂತರು. ನಾನು ಕೆಲಸಕ್ಕಿದ್ದದ್ದು ಬ್ಯಾಂಶ್‌ನ ದೇಶದಲ್ಲೇ, ನಮೂರ್ ಎಂಬ ಪಟ್ಟಣದ ಹಲ್ಲು ಕಟ್ಟುವ ಲ್ಯಾಬಿನಲ್ಲಿ; ಅಲ್ಲಿ ನನ್ನ ಪಕ್ಕದ ಮೇಜಿನವಳು ಸೊಲಾಂಜ್. ನಾಲ್ಕು ವರ್ಷದಿಂದ ನನ್ನ ಗೆಳತಿ. ಕಾರ್ನಿವಲ್‌ನ ಕೊನೆಯ ದಿನವಾದ ಮಂಗಳವಾರ ಬೆಳಿಗ್ಗೆ ಅವಳೇ ಬಂದು ನನ್ನನ್ನು ಹಾಸಿಗೆಯಿಂದ ಎಬ್ಬಿಸಿದಳು.

"ಮುಖ ಊದಿಸ್ಕೊಂಡು ಫೋನ್ ನೋಡ್ತಾ ಕೂತ್ರೆ ಭುಜ ಸರಿಹೋಗಲ್ಲ ಕಣೇ. ಬ್ಯಾಂಶ್‌ಗೆ ಹೋಗಿ ಬರೋಣ. ಅಲ್ಲೂ ಕಿತ್ತಳೆ ಇದೆ, ಬಾ."

ರೈಲಿನಲ್ಲಿ ಅವಳು ಅಲ್ಲಿನ ರೀತಿ ರಿವಾಜು ಹೇಳುತ್ತಲೇ ಇದ್ದಳಂತೆ. ನಾನು ಹ್ಞೂಂಗುಟ್ಟುತ್ತಾ ನಮ್ಮ ಚೌಕದ ವಿಡಿಯೋ ನೋಡುತ್ತಿದ್ದೆ.

ಹೀಗಾಗಿ ಬ್ಯಾಂಶ್‌ನ ಬೀದಿಯಲ್ಲಿ ಡೋಲಿನ ಹಿಂದೆ ಜಿಲ್‌ಗಳ ಸಾಲು ಬಂದಾಗ ನನಗೆ ಕಂಡದ್ದು ಕಿತ್ತಳೆ ಹಿಡಿದ ಕೈಗಳು ಮಾತ್ರ. ಜಿಲ್ ಎಂದರೆ ಆ ಊರಿನ ಗಂಡಸರು ಅವತ್ತು ತಾಳುವ ವೇಷ. ಎದೆಗೂ ಬೆನ್ನಿಗೂ ಹುಲ್ಲು ತುಂಬಿಸಿಕೊಂಡು, ಸೊಂಟಕ್ಕೆ ಗೆಜ್ಜೆ ಕಟ್ಟಿ, ಮರದ ಪಾದರಕ್ಷೆಯಲ್ಲಿ ನೆಲ ಕುಟ್ಟುತ್ತಾ ನಿಧಾನ ಬರುತ್ತಾರೆ. ಅವರಲ್ಲಿ ಒಬ್ಬ ನನ್ನನ್ನು ನೋಡಿದ. ಸುಮ್ಮನೆ ನೋಡಲಿಲ್ಲ, ಒಂದು ಹುಬ್ಬು ಎತ್ತಿ, ಹಿಡಿಯುತ್ತೀಯಾ ಎಂದು ಕೇಳುವಂತೆ ನೋಡಿದ. ಆಮೇಲೆ ನಕ್ಕು ಕಿತ್ತಳೆ ಎಸೆದ. ನಾನು ಹಿಡಿದೆ. ಮುಂದಿನದು ನಿಮಗೆ ಗೊತ್ತು.

ಡೋಲು ತಾಳ ತಪ್ಪಿತು. ಅಕ್ಕಪಕ್ಕದ ಜನ ಒಂದು ಹೆಜ್ಜೆ ಹಿಂದೆ ಸರಿದರು.

"ಮಿರೆಲ್ಲಾ," ಎಂದು ಸೊಲಾಂಜ್ ನನ್ನ ತೋಳು ಹಿಡಿದಳು. "ಏನ್ ಮಾಡ್ದೆ ನೀನು?"

"ನೋವಾಗ್ಲಿಲ್ಲ ಕಣೇ."

"ಯಾರಿಗೆ?"

"ನನಗೆ. ಭುಜ ಒಂಚೂರೂ ನೋಯ್ಲಿಲ್ಲ."

"ಅಯ್ಯೋ ಮಾರಾಯ್ತಿ. ರೈಲಲ್ಲಿ ಅಷ್ಟು ಹೊತ್ತು ಬಡ್ಕೊಂಡೆನಲ್ಲ. ಇಲ್ಲಿ ಕಿತ್ತಳೆ ಅಂದ್ರೆ ಉಡುಗೊರೆ. ವಾಪಸ್ ಎಸೆದ್ರೆ ಮುಖಕ್ಕೆ ಉಗಿದ ಹಾಗೆ."

ಆತ ಟೋಪಿ ಎತ್ತಿಕೊಳ್ಳಲು ನೋಡುತ್ತಿದ್ದ. ಅಂಗಿ ತುಂಬ ಹುಲ್ಲು, ಬಗ್ಗಲು ಆಗುತ್ತಿಲ್ಲ. ಅದನ್ನು ನೋಡಿ ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಸಾಲಿನೊಳಗೆ ನುಗ್ಗಿ ಟೋಪಿ ಎತ್ತಿ, ಧೂಳು ಊದಿ, ಅವನ ಮುಂದೆ ಹಿಡಿದೆ. ಬಿಳಿ ಕುಲಾವಿಯ ಕೆಳಗೆ ಅವನ ಕಿವಿಗಳು ಕೆಂಪಗಾಗಿದ್ದವು. ಕಣ್ಣು ಬೂದು ಬಣ್ಣದವು, ಸಿಟ್ಟಿನಲ್ಲೂ ಚೆನ್ನಾಗಿದ್ದವು.

"ನನ್ನ ಮೇಲೆ ಏನಾದ್ರೂ ಹಳೇ ದ್ವೇಷ ಇದ್ಯಾ ನಿಮಗೆ?" ಎಂದ.

"ನಿಮ್ಮನ್ನ ಈಗ್ಲೇ ನೋಡ್ತಿರೋದು."

"ಮತ್ಯಾಕೆ?"

"ನೀವು ಎಸೆದ್ರಿ, ನಾನೂ ಎಸೆದೆ. ನಮ್ಮೂರಲ್ಲಿ ಅದು ಮರ್ಯಾದೆ ಕೊಡೋದು."

"ನಮ್ಮೂರಲ್ಲಿ ಮರ್ಯಾದೆ ತೆಗೆಯೋದು."

ಅವನ ಹಿಂದೆ ಕಿತ್ತಳೆ ಬುಟ್ಟಿ ಹೊತ್ತಿದ್ದ ಗಟ್ಟಿ ಹೆಂಗಸು, ಅವನ ಸೋದರತ್ತೆ ಜೆರ್ಮೇನ್, ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಇವಳನ್ನ ಮೊದಲು ಆಚೆ ಕಳ್ಸಿ. ಯಾವೂರಿಂದ ಬರ್ತಾವೋ."

ಪಕ್ಕದ ಬಿಳಿಮೀಸೆಯ ಜಿಲ್ ಕೈ ಎತ್ತಿ ಅವಳನ್ನು ಸುಮ್ಮನಾಗಿಸಿದರು. ಅವರು ಗುಸ್ತಾವ್, ರೆಮಿಯ ಅಪ್ಪ. ನಲವತ್ತೊಂಬತ್ತನೇ ವರ್ಷ ಜಿಲ್ ಆಗಿ ಬೀದಿಗಿಳಿದಿದ್ದರು. ನಾನು ನಿಂತಿದ್ದ ಜಾಗವನ್ನೂ ಟೋಪಿಯನ್ನೂ ಒಮ್ಮೆ ನೋಡಿದರು.

"ಅಲ್ಲಿಂದಾನೇ ಎಸೆದೆಯಾಮ್ಮಾ?"

"ಹೌದು."

"ಟೋಪಿಗೇ ಗುರಿಯಿಟ್ಟಿದ್ದಾ?"

"ಮುಖಕ್ಕೆ ಹೊಡೀಬಾರ್ದು ಅನ್ನಿಸ್ತು," ಎಂದೆ. ಅದು ನಿಜವೇ ಆಗಿತ್ತು.

ಮುದುಕರ ಮೀಸೆ ಅಲುಗಿತು. "ಜೆರ್ಮೇನ್, ನಿನ್ನ ಬುಟ್ಟಿ ಇವಳಿಗೆ ಕೊಡು. ಕಿತ್ತಳೆ ಅಂದ್ರೆ ಏನು ಅಂತ ಸಂಜೆವರೆಗೂ ಹೊತ್ತು ಕಲೀಲಿ. ರೆಮಿ, ಟೋಪಿ ಹಾಕ್ಕೋ, ಡೋಲು ಕಾಯ್ತಿದೆ."

ನಾನು ಎಡಭುಜದ ಮೇಲೆ ಬುಟ್ಟಿ ಏರಿಸಿದೆ. ಸೊಲಾಂಜ್ ಬೀದಿಯಂಚಿನಿಂದ, ಅನುಭವಿಸು ಎಂಬಂತೆ ಕೈಬೀಸಿದಳು.

ಮೊದಲ ಅರ್ಧ ಗಂಟೆ ಕೆಲಸವಷ್ಟೇ. ಅವನ ಕೈಬುಟ್ಟಿ ಖಾಲಿಯಾದಾಗ ತಿರುಗುತ್ತಿದ್ದ, ನಾನು ತುಂಬಿಸುತ್ತಿದ್ದೆ. ಆದರೆ ಅವನು ಎಸೆಯುವುದನ್ನು ನೋಡಿಯೂ ಬಾಯಿ ಮುಚ್ಚಿಕೊಂಡಿರಲು ನನ್ನಂಥವಳಿಗೆ ಎಷ್ಟು ಹೊತ್ತು ಸಾಧ್ಯ?

"ಔಷಧಿ ಹಂಚಿದ ಹಾಗೆ ಎಸೀತೀರಲ್ಲ."

"ಏನಂದ್ರಿ?"

"ಮಣಿಕಟ್ಟು ಸತ್ತುಹೋಗಿದೆ. ಭುಜಕ್ಕೆ ಕೆಲಸಾನೇ ಇಲ್ಲ."

"ಇದು ಹೊಡೆಯೋದಲ್ಲ ಮೇಡಂ, ಕೊಡೋದು. ನೋಡಿ ಈಗ."

ಪಾದಚಾರಿ ದಾರಿಯಲ್ಲಿ ಗಾಲಿಕುರ್ಚಿಯ ಮೇಲೆ ಒಬ್ಬ ಅಜ್ಜಿ ಕೂತಿದ್ದರು. ಎರಡೂ ಕೈ ಕಂಬಳಿಯೊಳಗೆ. ರೆಮಿ ಅವರ ಕಣ್ಣು ತನ್ನ ಕಡೆ ತಿರುಗುವವರೆಗೂ ನಿಂತ. ಆಮೇಲೆ ಕೈ ಸ್ವಲ್ಪವೇ ಮೇಲೆತ್ತಿದ. ಕಿತ್ತಳೆ ಹಕ್ಕಿ ಕೂತಂತೆ ಅಜ್ಜಿಯ ಮಡಿಲಿಗೆ ಹೋಗಿ ಕೂತಿತು. ಅಜ್ಜಿ ಅದನ್ನು ಕೆನ್ನೆಗೆ ಒತ್ತಿಕೊಂಡರು.

ಹದಿನಾಲ್ಕು ವರ್ಷದಲ್ಲಿ ನಾನು ಸಾವಿರಾರು ಕಿತ್ತಳೆ ಎಸೆದಿದ್ದೆ. ಒಬ್ಬರಾದರೂ ಹಾಗೆ ಕೆನ್ನೆಗೆ ಒತ್ತಿಕೊಂಡದ್ದು ನೆನಪಿಲ್ಲ.

"ಇದು ಕಷ್ಟ," ಎಂದು ಒಪ್ಪಿಕೊಂಡೆ.

"ನಿಮ್ಮದೂ ಸುಲಭ ಅಲ್ಲ," ಎಂದ ಅವನು. "ಇಷ್ಟು ವರ್ಷದಲ್ಲಿ ನನ್ನ ಟೋಪಿ ಗಾಳಿಗೂ ಬಿದ್ದಿರ್ಲಿಲ್ಲ."

ಅಲ್ಲಿಂದ ಮಾತು ನಿಲ್ಲಲಿಲ್ಲ. ಅವನು ಮನೆಗಳ ಮಾಡಿಗೆ ಕಲ್ಲುಹಂಚು ಹೊದಿಸುವ ಕೆಲಸದವನು, ಎತ್ತರಕ್ಕೆ ಹೆದರುವುದಿಲ್ಲ, ಜೆರ್ಮೇನ್ ಅತ್ತೆಗೆ ಹೆದರುತ್ತಾನೆ. ನಾನು ಪಿಂಗಾಣಿ ಹಲ್ಲು ಮಾಡುವವಳು ಎಂದಾಗ ತುಟಿ ಮುಚ್ಚಿಕೊಂಡು ನಕ್ಕ. ಸ್ವಲ್ಪ ಹೊತ್ತಿಗೆ ಅವನು ಹತ್ತು ಹೆಜ್ಜೆಗೊಮ್ಮೆ ತಿರುಗಿ ಕೈಬುಟ್ಟಿ ಚಾಚತೊಡಗಿದ.

"ಬುಟ್ಟಿ ತುಂಬಿದೆ," ಎಂದೆ.

"ಗೊತ್ತು," ಎಂದು, ಒಂದು ಕ್ಷಣ ಹೆಚ್ಚೇ ನೋಡಿ, ಮುಂದೆ ತಿರುಗಿಕೊಂಡ. ಗರಿಗಳ ಕೆಳಗೆ ಅವನ ಕಿವಿ ಮತ್ತೆ ಕೆಂಪಗಾದದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು.

ಮೆರವಣಿಗೆ ದೊಡ್ಡ ಚೌಕ ಸೇರಿದಾಗ ನನ್ನ ಬುಟ್ಟಿಯಲ್ಲಿ ಒಂದೇ ಹಣ್ಣು ಉಳಿದಿತ್ತು. ಅದನ್ನು ಅವನು ತೆಗೆದು ನನ್ನ ಅಂಗೈಯಲ್ಲಿಟ್ಟು ನನ್ನ ಬೆರಳು ಮುಚ್ಚಿದ.

"ಇದನ್ನ ವಾಪಸ್ ಎಸೀಬೇಡಿ."

"ಇನ್ನೇನ್ ಮಾಡ್ಲಿ?"

"ತಿನ್ನಿ. ಬೇಡ ಅನ್ಸಿದ್ರೆ ಭಾನುವಾರ ವಾಪಸ್ ತಂದ್ಕೊಡಿ. ಕೈಯಲ್ಲಿ."

ನಾನು ತಿನ್ನಲಿಲ್ಲ. ಭಾನುವಾರ ರೈಲು ಹತ್ತಿ, ಕೈಯಲ್ಲೇ ತೆಗೆದುಕೊಂಡು ಹೋದೆ.

ಆ ವರ್ಷ ಬೇಗ ಕಳೆಯಿತು. ಏಪ್ರಿಲ್‌ಗೆ 'ನೀವು' ಹೋಗಿ 'ನೀನು' ಬಂತು. ಜೂನ್‌ನಲ್ಲಿ ನಮೂರ್ ಪಟ್ಟಣದ ನದೀತೀರದಲ್ಲಿ ನಡೆಯುವಾಗ, ಅವನು ಹಂಚಿನ ವಿಷಯ ಹೇಳುತ್ತಾ ಹೇಳುತ್ತಾ ನಡುವೆ ನಿಲ್ಲಿಸಿ, "ನೀನಿಲ್ಲದ ಭಾನುವಾರ ಭಾನುವಾರ ಅನ್ಸೋದೇ ಇಲ್ಲ," ಎಂದ. ನಾನೂ ಅವನನ್ನು ಪ್ರೀತಿಸುತ್ತಿದ್ದೆ. ಇಷ್ಟು ಒಳ್ಳೆಯ ಗಂಡಸು ನನ್ನ ಪಾಲಿಗೆ ಬಂದದ್ದು ಒಂದು ತಪ್ಪು ಎಸೆತದಿಂದ ಎಂದು ನೆನೆದು ಒಬ್ಬಳೇ ನಗುತ್ತಿದ್ದೆ.

ಒಂದೇ ಒಂದು ಮಾತನ್ನು ಇಬ್ಬರೂ ಮುಟ್ಟಲಿಲ್ಲ. ಬ್ಯಾಂಶ್‌ಗೂ ಇವ್ರೆಯಾಗೂ ಕಾರ್ನಿವಲ್ ಬರುವುದು ಒಂದೇ ವಾರ. ದೊಡ್ಡ ದಿನ ಎರಡೂ ಊರಿಗೂ ಅದೇ ಮಂಗಳವಾರ.

ಅಕ್ಟೋಬರ್‌ನಲ್ಲಿ ಡಾಕ್ಟರು ನನ್ನ ಭುಜ ತಿರುಗಿಸಿ ನೋಡಿ, ಇನ್ನು ಎಸೆಯಬಹುದು ಎಂದರು. ಅವತ್ತೇ ಊರಿನಿಂದ ನಮ್ಮ ಕಿತ್ತಳೆ ತಂಡದ ನಾಯಕಿ ತೆಕ್ಲಾ ಫೋನ್ ಮಾಡಿ ಕೇಳಿದಳು: 'ನಿನ್ನ ಅಂಗಿ ಇಟ್ಟಿದೀನಿ. ಬರ್ತೀಯಾ?' ನಾನು ರಸ್ತೆಯಲ್ಲೇ ನಿಂತು ಬರ್ತೀನಿ ಎಂದೆ. ರೆಮಿಗೆ ಹೇಳುವ ಧೈರ್ಯ ಬಂದದ್ದು ಜನವರಿಯಲ್ಲಿ, ಅವನ ಅಡುಗೆಮನೆಯಲ್ಲಿ, ಅವನು ಈರುಳ್ಳಿ ಹೆಚ್ಚುತ್ತಿದ್ದಾಗ.

"ಅಂದ್ರೆ ಮಂಗಳವಾರ ನೀನು ಇಲ್ಲಿರಲ್ಲ," ಎಂದ.

"ನೀನು ಅಲ್ಲಿರ್ತೀಯಾ?"

"ಅಪ್ಪಂಗೆ ಐವತ್ತನೇ ವರ್ಷ ಮಿರೆಲ್ಲಾ. ಪುರಭವನದಲ್ಲಿ ಪದಕ ಹಾಕ್ತಾರೆ. ನಿನ್ನ ಬುಟ್ಟಿ ಆಗ್ಲೇ ತೊಳೆದಿಟ್ಟಿದಾರೆ."

"ಇನ್ನು ಎಸೆಯೋಕೇ ಆಗಲ್ಲ ಅಂತ ಒಂದು ವರ್ಷ ಅತ್ತಿದೀನಿ ನಾನು. ಮೊದಲನೇ ಸಲ ಮತ್ತೆ ಚೌಕಕ್ಕೆ ಇಳೀತಿದೀನಿ."

ಇಬ್ಬರದೂ ಸರಿ ಇದ್ದುದರಿಂದ ಜಗಳ ಮುಗಿಯಲಿಲ್ಲ. ನಿಂಗೆ ಹಬ್ಬ ಅಂದ್ರೆ ಹೊಡೆದಾಟ ಎಂದು ಅವನು, ನಿಂಗೆ ಹಬ್ಬ ಅಂದ್ರೆ ಗಂಡಸ್ರು ಮೆರೆಯೋದು ಹೆಂಗಸ್ರು ಬುಟ್ಟಿ ಹೊರೋದು ಎಂದು ನಾನು. ಆಡಿದ ಮಾತು ಒಡೆದ ಮುತ್ತು. ಅವನ ಮುಖ ನೋಡಿದ ಕೂಡಲೇ ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಿತು, ಆದರೆ ನನ್ನ ನಾಲಿಗೆಗೆ ಆ ಅಭ್ಯಾಸ ಇರಲಿಲ್ಲ. ಕೋಟು ಹಾಕಿಕೊಂಡು ಹೊರಟುಬಂದೆ.

ಮೂರು ವಾರ ಇಬ್ಬರೂ ಫೋನ್ ಮಾಡಲಿಲ್ಲ. ಅವನನ್ನು ಕಳೆದುಕೊಂಡೆ ಎಂದೇ ಅಂದುಕೊಂಡೆ. ಕೆಲಸದ ಮೇಜಿನ ಮೇಲೆ ಒಂದು ಬಾಚಿಹಲ್ಲನ್ನು ಮೂರು ಸಲ ಕೆಡಿಸಿದೆ. ನಾಲ್ಕನೇ ಸಲ ಸೊಲಾಂಜ್ ಅದನ್ನು ಕಿತ್ತುಕೊಂಡು, "ಮೊದಲು ನಿನ್ನ ತಲೆ ಸರಿ ಮಾಡ್ಕೋ," ಎಂದಳು. ಅವತ್ತು ಅವಳೊಬ್ಬಳಿಗೇ ನನ್ನ ತೀರ್ಮಾನ ಹೇಳಿದೆ. ರೆಮಿಗೆ ಹೇಳಕೂಡದು ಎಂದು ಆಣೆ ಹಾಕಿಸಿಕೊಂಡೆ.

ಕಾರ್ನಿವಲ್‌ಗೆ ಸೊಲಾಂಜಳೂ ನನ್ನ ಜೊತೆ ಇವ್ರೆಯಾಗೆ ಬಂದಳು. ಭಾನುವಾರ ಬೆಳಿಗ್ಗೆ ತಂಡದ ಅಂಗಿ ತೊಟ್ಟುಕೊಂಡು ತೆಕ್ಲಾಳ ಮುಂದೆ ನಿಂತೆ.

"ಇವತ್ತೂ ನಾಳೆಯೂ ಆಡ್ತೀನಿ. ಮಂಗಳವಾರ ಇರಲ್ಲ."

ತೆಕ್ಲಾ ಕಾಫಿ ಕೆಳಗಿಟ್ಟಳು. "ಗೆಲುವು ಸೋಲು ತೀರ್ಮಾನ ಆಗೋ ದಿನಾನೇ ಬಿಡ್ತೀಯಾ? ತಲೆಗಿಲೆ ಕೆಟ್ಟಿದ್ಯಾ?"

"ಐವತ್ತು ವರ್ಷ ಬೀದಿಯಲ್ಲಿ ನಡೆದಿರೋ ಯಜಮಾನ್ರೊಬ್ಬರಿದಾರೆ. ಅವರ ಮನೆ ಬುಟ್ಟಿ ಹೊರಬೇಕು."

"ಕರೆದಿದಾರಾ?"

"ಇಲ್ಲ. ಹೋದ್ಮೇಲೆ ಓಡಿಸಿದ್ರೂ ಓಡಿಸ್ಬಹುದು."

"ಹಾಗಾದ್ರೆ ಮಂಗಳವಾರದ ಪಾಲೂ ಸೇರಿಸಿ ಇವತ್ತೇ ಹೊಡಿ," ಎಂದಳು ತೆಕ್ಲಾ.

ಹೊಡೆದೆ. ಒಂದು ವರ್ಷದ ಹಸಿವು ನನ್ನ ಭುಜದಲ್ಲಿತ್ತು. ಗಾಡಿ ಮೇಲೆ ಗಾಡಿ ಬಂತು, ಚರ್ಮದ ಮುಖವಾಡದ ಹಿಂದಿನಿಂದ ಕಿತ್ತಳೆಗಳು ಸುರಿದವು. ರಸ ಕುತ್ತಿಗೆಯಿಂದ ಇಳಿದು ಬೆನ್ನು ತೊಯ್ಯಿಸಿತು. ಸಿಪ್ಪೆಯ ಘಾಟು, ಕುದುರೆ ಲದ್ದಿಯ ವಾಸನೆ, ಕಾಲಡಿಯ ಕೆಸರು, ಎಲ್ಲ ನನ್ನವೇ. ಕೈ ಒಮ್ಮೆಯೂ ನೋಯಲಿಲ್ಲ. ಒಬ್ಬ ಗಾಡಿಯವನು ಹೋಗುವಾಗ ಬಗ್ಗಿ ನನ್ನ ಕೈಕುಲುಕಿದ. ನಾನು ಹಿಂತಿರುಗಿ ಬಂದಿದ್ದೇನೆ ಎಂದು ಆಗ ನಂಬಿಕೆ ಬಂತು, ಅದನ್ನು ಹೇಳಿಕೊಳ್ಳಬೇಕಾದವನು ಅಲ್ಲಿಲ್ಲ ಎಂಬುದೂ ಆಗಲೇ ನೆನಪಾಯಿತು.

ಮುಂದಿನ ಗಾಡಿ ಬರಲು ಇನ್ನೂ ಸಮಯವಿತ್ತು. ಚೌಕದಂಚಿನಲ್ಲಿ ಕೆಂಪು ಟೋಪಿಯವರ ನಡುವೆ ಸೊಲಾಂಜ್ ಎರಡೂ ಕೈ ಆಡಿಸುತ್ತಿದ್ದಳು. ನಮ್ಮಲ್ಲಿ ಕೆಂಪು ಟೋಪಿ ಹಾಕಿದವರಿಗೆ ಯಾರೂ ಹೊಡೆಯುವುದಿಲ್ಲ, ಅವರು ನೋಡಲು ಬಂದವರು. ಅವಳ ಪಕ್ಕ ಒಬ್ಬ ಎತ್ತರದವನು ನಿಂತಿದ್ದ. ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡಿದ್ದ.

ರೆಮಿ.

ನನ್ನ ಕಾಲು ಕೆಸರಿನಲ್ಲಿ ಹೂತುಹೋಯಿತು. ಅವನು ನನ್ನನ್ನೇ ನೋಡುತ್ತಾ, ಒಂದು ಹುಬ್ಬು ಎತ್ತಿದ. ಆಮೇಲೆ ಕೆಂಪು ಟೋಪಿ ತೆಗೆದು ಸೊಲಾಂಜಳ ಕೈಗೆ ಕೊಟ್ಟು, ನಾಲ್ಕು ಹೆಜ್ಜೆ ಚೌಕದೊಳಗೆ ಬಂದು, ಬರಿತಲೆಯಲ್ಲಿ ನಿಂತ.

"ಯಾರವನು, ಟೋಪಿ ತೆಗೆದು ನಿಂತಿರೋನು?" ಎಂದಳು ತೆಕ್ಲಾ. "ಕೇಳ್ಕೊಂಡು ಬಂದಿದಾನೆ, ಕೊಡು."

ನನ್ನ ಕೈಯಲ್ಲಿ ಕಿತ್ತಳೆ ಇತ್ತು. ಭುಜ ಎತ್ತಿದೆ. ಅವನು ಅಲುಗಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಇಡೀ ತಂಡ ನನ್ನನ್ನು ನೋಡುತ್ತಿತ್ತು. ಗಾಲಿಕುರ್ಚಿಯ ಅಜ್ಜಿ ನೆನಪಾದರು. ಕೈ ಕೆಳಗಿಳಿಸಿ, ಅವನ ಕಣ್ಣು ನನ್ನ ಕಣ್ಣಿನಲ್ಲಿ ನಿಲ್ಲುವವರೆಗೂ ಕಾದು, ಮೆಲ್ಲಗೆ ತೂರಿದೆ. ಕಿತ್ತಳೆ ಅವನ ಅಂಗೈಗೆ ಹೋಗಿ ಕೂತಿತು.

ತಂಡದವರು ಛೀಮಾರಿ ಹಾಕಿದರು. "ಭುಜ ಮತ್ತೆ ಹೋಯ್ತಾ?" ಎಂದು ಯಾರೋ ಕೂಗಿದರು.

ರೆಮಿ ಹಣ್ಣನ್ನು ನೋಡಿದ. ತಿರುಗಿಸಿ ತಿರುಗಿಸಿ ನೋಡಿದ. ಹುಟ್ಟಿದಾಗಿನಿಂದ ಅವನಿಗೆ ಒಂದೇ ಪಾಠ ಹೇಳಿಕೊಟ್ಟಿದ್ದರು, ಕೊಟ್ಟ ಕಿತ್ತಳೆಯನ್ನು ಹಿಂದಕ್ಕೆ ಎಸೆಯಬಾರದು ಎಂದು. ಆಮೇಲೆ ಅವನು ಭುಜ ತಿರುಗಿಸಿ, ಮಣಿಕಟ್ಟು ಬೀಸಿ, ಎಸೆದ.

ಎಡಹುಬ್ಬಿಗೆ ಬಡಿಯಿತು. ನಾನು ಕೆಸರಿನಲ್ಲಿ ಕೂತೆ.

ಮರುಗಳಿಗೆಗೆ ನನ್ನ ತಂಡವೆಲ್ಲ ಹೋ ಎಂದು ಅವನ ಹೆಸರೇ ಗೊತ್ತಿಲ್ಲದೆ ಅವನಿಗೆ ಜೈಕಾರ ಹಾಕಿತು. ಅವನು ಮಾತ್ರ ಬಿಳುಚಿಕೊಂಡು ಓಡಿಬಂದು ಕೆಸರಿನಲ್ಲಿ ಮಂಡಿಯೂರಿದ.

"ಜೋರಾಯ್ತಾ? ನೋಡ್ಲಿ, ಕೈ ತೆಗಿ. ಟೋಪಿಗೆ ಗುರಿ ಇಡೋಣ ಅಂದ್ರೆ ನಿನ್ನ ತಲೆ ಮೇಲೆ ಟೋಪಿನೇ ಇಲ್ಲ."

"ವಾಪಸ್ ಎಸೆದ್ಯಲ್ಲೋ," ಎಂದೆ. ಅಳುತ್ತಿದ್ದೆನೋ ನಗುತ್ತಿದ್ದೆನೋ, ಮುಖವೆಲ್ಲ ರಸ.

"ನಿಮ್ಮೂರಲ್ಲಿ ಮರ್ಯಾದೆ ಕೊಡೋದು ಹೀಗೇ ಅಂದಿದ್ಯಲ್ಲ. ನಿನ್ನ ಮೇಲೆ ನಂಗೆಷ್ಟು ಮರ್ಯಾದೆ ಇದೆ ಅಂತ ನಿಂಗೆ ಕಾಣ್ಲಿ ಅಂತ."

"ಕಾಣ್ತಿದೆ. ಒಂದೇ ಕಣ್ಣಲ್ಲಿ."

ಅವನು ತೋಳಿನಿಂದ ನನ್ನ ಮುಖ ಒರೆಸಿದ. "ಬುಟ್ಟಿ ಹೊರೋ ವಿಷಯ ನೀನು ಹೇಳಿದ್ದು ಅಪ್ಪಂಗೆ ಹೇಳ್ದೆ. ಭಾನುವಾರ ಇಲ್ಲಿದ್ದು ಏನ್ ಮಾಡ್ತೀಯಾ, ಹೋಗಿ ಅವಳು ಎಸೆಯೋದು ನೋಡ್ಕೊಂಡು ಬಾ ಅಂದ್ರು. ನೋಡ್ದೆ. ಬೆಳಿಗ್ಗೆಯಿಂದ ನೋಡ್ತಿದೀನಿ. ನೀನು ಇಲ್ಲೇ ಇರ್ಬೇಕಾದೋಳು. ಮಂಗಳವಾರ ನೀನು ಇಲ್ಲಿ ಆಡು, ನಾನೇನೂ ಅನ್ನಲ್ಲ."

"ಮಂಗಳವಾರ ನಾನು ಇಲ್ಲಿರಲ್ಲ."

ಅವನ ಮುಖ ಇಳಿಯಿತು. "ಮತ್ತೆಲ್ಲಿರ್ತೀಯಾ?"

"ನಿನ್ನ ಹಿಂದೆ. ಬುಟ್ಟಿ ಹೊತ್ಕೊಂಡು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸೊಲಾಂಜ್ ಎರಡೆರಡು ಕೆಂಪು ಟೋಪಿ ಹಿಡಿದು ನಮ್ಮ ಪಕ್ಕ ಬಂದು ನಿಂತಿದ್ದಳು. "ಇವಳೂ ಹೇಳ್ಬೇಡ ಅಂದ್ಳು, ಇವನೂ ಹೇಳ್ಬೇಡ ಅಂದ. ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದೀನಿ. ನಂಗೂ ಒಂದು ಪದಕ ಕೊಡ್ಸಿ," ಎಂದಳು.

ಅವನು ನನಗೆ ಅಲ್ಲೇ ಕೆಸರಿನಲ್ಲಿ ಮುತ್ತಿಟ್ಟ. ಗಾಡಿ ಬಂತು ಎಂದು ತೆಕ್ಲಾ ಕೂಗಿದಳು. ಬಿಡಿಸಿಕೊಂಡು ಎದ್ದು, ಒಂದೇ ಕಣ್ಣಿನಲ್ಲಿ, ನನ್ನ ಬದುಕಿನ ಅತ್ಯುತ್ತಮ ಆಟ ಆಡಿದೆ.

ಸೋಮವಾರ ಸಂಜೆ ಮೂವರೂ ವಿಮಾನ ಹತ್ತಿದೆವು.

ಮಂಗಳವಾರ ಮಧ್ಯಾಹ್ನ ಬ್ಯಾಂಶ್‌ನಲ್ಲಿ ನನ್ನ ಕಣ್ಣು ನೇರಳೆ ಬದನೆಕಾಯಿಯ ಬಣ್ಣಕ್ಕೆ ಬಂದಿತ್ತು. ಗುಸ್ತಾವ್ ಎದೆಯ ಮೇಲೆ ಪದಕ ತೂಗಿಸಿಕೊಂಡು ಸಾಲಿನಲ್ಲಿ ನಿಂತಿದ್ದರು. ಹೇಳದೆ ಕೇಳದೆ ಬಂದ ನನ್ನನ್ನು ಯಾರೂ ಓಡಿಸಲಿಲ್ಲ. ಜೆರ್ಮೇನ್ ಅತ್ತೆ ತೊಳೆದ ಬುಟ್ಟಿ ನನ್ನ ಭುಜಕ್ಕೆ ಏರಿಸುತ್ತಾ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಇದ್ಯಾರಮ್ಮ ಹೊಡೆದೋರು?"

"ನಿಮ್ಮ ರೆಮಿ."

"ಯಾತರಲ್ಲಿ?"

"ಕಿತ್ತಳೆಯಲ್ಲಿ. ನಾನು ಕೊಟ್ಟೆ, ಅವನು ವಾಪಸ್ ಎಸೆದ."

ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಈ ಮನೇಲಿ ಹುಟ್ಟಿ ವಾಪಸ್ ಎಸೆದ್ಯಾ?"

"ಎಸೆದೆ ಅತ್ತೆ," ಎಂದ ರೆಮಿ, ಕಿವಿಯವರೆಗೂ ನಗುತ್ತಾ.

"ಐವತ್ತು ವರ್ಷದಲ್ಲಿ ನಮ್ಮನೇಲಿ ಯಾರೂ ಮಾಡಿರ್ಲಿಲ್ಲ," ಎಂದರು ಗುಸ್ತಾವ್. ಅವರ ಮೀಸೆ ಜೋರಾಗಿಯೇ ಅಲುಗುತ್ತಿತ್ತು. "ಊರಲ್ಲಿ ತಲೆ ಎತ್ಕೊಂಡು ತಿರುಗ್ಬೇಕು ಅಂದ್ರೆ ಇವಳನ್ನ ಮನೆಯವಳು ಮಾಡ್ಕೊಳ್ದೆ ಬೇರೆ ದಾರಿ ಇಲ್ಲಪ್ಪ."

ಡೋಲು ಶುರುವಾಯಿತು. ಸಾಲು ಹೊರಟಿತು. ಹತ್ತು ಹೆಜ್ಜೆ ನಡೆದು ರೆಮಿ ತಿರುಗಿ ಕೈ ಚಾಚಿದ.

"ಬುಟ್ಟಿ ತುಂಬಿದೆ," ಎಂದೆ.

"ಗೊತ್ತು. ಕಿತ್ತಳೆಗಲ್ಲ ಕೈ ಚಾಚಿದ್ದು. ಅಪ್ಪ ಹೇಳಿದ್ದಕ್ಕೆ ಏನಂತೀಯಾ?"

ಗರಿಗಳು ಗಾಳಿಗೆ ಅಲುಗುತ್ತಿದ್ದವು. ಈ ಸಲ ಟೋಪಿಯ ಗಂಟನ್ನು ಎರಡು ಸುತ್ತು ಬಿಗಿದುಕೊಂಡಿದ್ದ. ನಾನು ಬುಟ್ಟಿಯಿಂದ ಒಂದು ಒಳ್ಳೆಯ ಹಣ್ಣು ಆರಿಸಿ, ಅವನ ಅಂಗೈಯಲ್ಲಿಟ್ಟು, ಅದರ ಮೇಲೆ ನನ್ನ ಕೈಯನ್ನೂ ಇಟ್ಟೆ.

"ಎರಡನ್ನೂ ಇಟ್ಕೋ," ಎಂದೆ. "ವಾಪಸ್ ಎಸೀಬೇಡ."